ನಾದಿನಿಯ ಕಾರ್ಡ್ ಕಾರ್ಖಾನೆ

ನನ್ನ ನಾದಿನಿ ಸತ್ತು ಸ್ವರ್ಗಕ್ಕೆ ಹೋದರೆ ಮೊದಲ ದಿನವೇ ಅವಳನ್ನು ಹೊರಗೆ ಹಾಕುತ್ತಾರೆ. ನರಕದವರೂ ಸೇರಿಸಿಕೊಳ್ಳುವುದಿಲ್ಲ. ಯಾಕೆ ಅಂತೀರಾ? ದೇವರೇ ಎದುರಿಗೆ ಬಂದು ನಿಂತರೂ ಕೈ ಮುಗಿಯುವ ಮೊದಲು ಅವನ ಪಂಚೆಯ ಅಂಚು ತಿರುಗಿಸಿ ಹೊಲಿಗೆ ನೋಡುವ ಹೆಂಗಸು ಅವಳು!

ಗಂಡ ಬಿಟ್ಟು ಹೋದಾಗಿನಿಂದ ದಾಸರಹಳ್ಳಿಯ ನಮ್ಮ ಮನೆಯಲ್ಲೇ ಇದ್ದಾಳೆ. ಪೀಣ್ಯದ ಒಂದು ಗಾರ್ಮೆಂಟ್ಸಿನಲ್ಲಿ ಚೆಕಿಂಗ್ ಕೆಲಸ. ಹೊಲಿದು ಬಂದ ಶರ್ಟಿನಲ್ಲಿ ಎಲ್ಲಿ ತಪ್ಪಿದೆಯೋ ಅಲ್ಲಿಗೆ ಬಾಣದ ಗುರುತಿನ ಪುಟ್ಟ ಸ್ಟಿಕ್ಕರ್ ಅಂಟಿಸಬೇಕು. ಹರೆಯವೆಲ್ಲ ಅದರಲ್ಲೇ ಕಳೆದಳು. ಅಭ್ಯಾಸ ಮನೆಗೂ ಬಂತು. ಒಮ್ಮೆ ನನ್ನ ರಾಗಿ ರೊಟ್ಟಿಗೇ ಬಾಣ ಅಂಟಿಸಿದಳು.

"ಅತ್ಗೆ, ಈ ಕಡೆ ಅಂಚು ದಪ್ಪ ಆಗದೆ, ನೋಡು."

ನಾನು ನೋಡುವ ಮೊದಲೇ ಬಾಣದ ಸಮೇತ ರೊಟ್ಟಿಯನ್ನು ನುಂಗಿದವರು ನನ್ನ ಯಜಮಾನರು, ಅವಳ ಅಣ್ಣ!

ಇಂಥವಳ ಕಣ್ಣೇ ಕೆಟ್ಟಿತು. ಕಣ್ಣಿನೊಳಗೆ ಒತ್ತಡ ಹೆಚ್ಚಿ ನರ ಒಣಗಿದೆ, ಹೋದ ನೋಟ ಮತ್ತೆ ಬರುವುದಿಲ್ಲ, ಉಳಿದದ್ದು ಎಷ್ಟು ದಿನವೋ ಹೇಳಲಾಗದು ಎಂದರು ಡಾಕ್ಟರು. ಕಾರ್ಖಾನೆಯವರು ಮನೆಗೆ ಕಳಿಸಿದರು. ಬರುವಾಗ ಅವಳು ಜೊತೆಗೆ ತಂದದ್ದು, ಶರ್ಟ್ ಮಡಿಸುವಾಗ ಒಳಗಿಡುವ ರಟ್ಟುಗಳ ಒಂದು ಮೂಟೆ.

"ಇದ್ಯಾಕೆ ತಂದೆ?" ಅಂದೆ.

"ಬಿಸಾಕ್ತಿದ್ರು."

ಆ ಮಳೆಗಾಲವೆಲ್ಲ ಆ ಮೂಟೆಯ ಪಕ್ಕದಲ್ಲಿ ಇನ್ನೊಂದು ಮೂಟೆಯ ಹಾಗೆ ಕೂತಿದ್ದಳು.

ಆಮೇಲೆ ಒಂದು ಬೆಳಿಗ್ಗೆ ಪಲ್ಯಕ್ಕೆ ಹೆಚ್ಚಿಟ್ಟಿದ್ದ ಬೆಂಡೆಕಾಯಿ ಮಾಯ. ಹೋಗಿ ನೋಡಿದರೆ, ತುಂಡುಗಳನ್ನು ಬಣ್ಣಕ್ಕೆ ಅದ್ದಿ ರಟ್ಟಿನ ಮೇಲೆ ಒತ್ತುತ್ತಿದ್ದಾಳೆ. ಒತ್ತಿದಲ್ಲೆಲ್ಲ ಐದೆಸಳಿನ ಹೂವು!

"ಯುಗಾದಿಗೆ ಗ್ರೀಟಿಂಗ್ ಕಾರ್ಡು ಅತ್ಗೆ."

"ಈಗ ಎಲ್ರೂ ಮೊಬೈಲಲ್ಲೇ ಕಳಿಸ್ಕೋತಾರೆ. ಯಾರಿಗ್ ಬೇಕು ನಿನ್ ರಟ್ಟು?"

"ಯಾರಿಗೂ ಬ್ಯಾಡ. ನಂಗೆ ಚೆಕ್ ಮಾಡಕ್ಕೆ ಏನಾದ್ರೂ ಬೇಕು." ಇನ್ನೊಂದು ತುಂಡು ಬಣ್ಣಕ್ಕೆ ಅದ್ದುತ್ತ ಹೇಳಿದಳು, "ಕಣ್ಣಿರೋ ಗಂಟ ನಾನು ಚೆಕರ್. ಆಮೇಲೆ ಈ ಮನೇಲಿ ದಂಡಕ್ಕೆ ತಿನ್ನೋಳು."

ಚೆನ್ನಾಗಿ ಬೈದೆ. ಇನ್ನೇನು ಮಾಡಲಿ? ಆ ದಿನ ಊಟಕ್ಕೆ ಬರೀ ಉಪ್ಪಿನಕಾಯಿ.

ಚೆಕ್ ಮಾಡುವುದಕ್ಕೆ ಮಾಡಿಕೊಡುವವರು ಬೇಡವೇ? ಭಾನುವಾರ ಬಂತೆಂದರೆ ನಾವು ಬಾಡಿಗೆಗೆ ಕೊಟ್ಟ ಮನೆಗಳ ಹೆಂಗಸರನ್ನೆಲ್ಲ ಎಳೆದು ತಂದು ಚಾಪೆಯ ಮೇಲೆ ಕೂರಿಸುತ್ತಿದ್ದಳು. ಕಾರ್ಖಾನೆಯ ಲೆಕ್ಕದಲ್ಲೇ ದರ್ಜೆ ಹಂಚಿದಳು. ಹೊಸಬರೆಲ್ಲ ಹೆಲ್ಪರ್: ಬೆಂಡೆಕಾಯಿ ಅದ್ದು, ಒತ್ತು, ಅಲ್ಲಾಡಿಸದೆ ಎತ್ತು. ಕೈ ಕುದುರಿದರೆ ಟೈಲರ್: ಚಪ್ಪಲಿಯ ರಬ್ಬರಿನಲ್ಲಿ ಕೊರೆದ ಅಚ್ಚು ಹಿಡಿದು, ಒಂದು ಬಣ್ಣ ಒಣಗಿದ ಮೇಲೆ ಸರಿಯಾಗಿ ಅದರ ಮೇಲೇ ಇನ್ನೊಂದು ಬಣ್ಣ ಕೂರಿಸಬೇಕು. ಅದಕ್ಕೂ ಮೇಲೆ ಸೂಪರ್‌ವೈಸರ್: ಒತ್ತಿದ ಹೂವನ್ನು ಕತ್ತರಿಸಿ, ಕಾರ್ಡ್ ತೆರೆದರೆ ಎದ್ದು ನಿಲ್ಲುವ ಹಾಗೆ ಅಂಟಿಸುವುದು. ಆ ದರ್ಜೆಯಲ್ಲಿ ಇದ್ದವಳು ಅವಳೊಬ್ಬಳೇ. ಬೇರೆಯವರನ್ನು ಬಿಟ್ಟರೆ ತಾನೇ!

ರಬ್ಬರ್ ಎಲ್ಲಿಂದ ಬಂತು ಅಂತ ಕೇಳಬೇಡಿ. ನನ್ನ ಎಡಗಾಲಿನ ಚಪ್ಪಲಿ ಹುಡುಕಿ ಹುಡುಕಿ ಸಿಕ್ಕಾಗ ಅದರ ಹಿಮ್ಮಡಿಯಲ್ಲಿ ನವಿಲೊಂದು ಗರಿ ಬಿಚ್ಚಿ ನಿಂತಿತ್ತು. "ಬಲಗಾಲಿಂದು ಯಾಕ್ ಬಿಟ್ಟೆ?" ಎಂದು ರೇಗಿದೆ. ಮಾರನೆಯ ದಿನ ಅದರಲ್ಲಿ ಮಾವಿನೆಲೆ!

ಕಟ್ಟಡದ ಕೆಲಸಕ್ಕೆ ಹೋಗುವ ರಾಯಚೂರಿನವಳು ಒಬ್ಬಳು ಬಾಡಿಗೆಗಿದ್ದಳು. ಸಿಮೆಂಟು ಹೊತ್ತು ಹೊತ್ತು ಕೈ ಒಡೆದಿತ್ತು, ಆದರೂ ಬೇಗ ಟೈಲರ್ ಆದಳು. ನಾನು ಹೆಲ್ಪರ್ ದರ್ಜೆಯಲ್ಲೇ ಕೊಳೆತೆ. ನನ್ನ ಕಾರ್ಡಿನಲ್ಲಿ ಹೂವಿಗಿಂತ ಬಾಣಗಳೇ ಹೆಚ್ಚು. ಮೆಟ್ರೋ ಕೆಲಸದ ಧೂಳು ಹಾರಿ ಬಂದು ಹಸಿ ಬಣ್ಣದ ಮೇಲೆ ಕೂತರೆ ಅದೂ ನನ್ನದೇ ತಪ್ಪು!

"ಅಮ್ಮಾರ, ಮನಿ ನಿಮ್ದು, ಬೆಂಡಿಕಾಯಿ ನಿಮ್ದು, ಚಪ್ಪಲಿನೂ ನಿಮ್ದು. ನಿಮಗೇ ಪಾಸ್ ಇಲ್ಲಲ್ರೀ!" ಎಂದು ರಾಯಚೂರಿನವಳು ನಗುತ್ತಿದ್ದಳು.

"ಬಾಡಿಗೆ ಜಾಸ್ತಿ ಮಾಡ್ಲಾ?" ಎಂದರೆ ಬಾಯಿ ಮುಚ್ಚುತ್ತಿದ್ದಳು.

ಯುಗಾದಿ ಹತ್ತಿರ ಬಂದಿತ್ತು. ಒಂದು ಭಾನುವಾರ, ಒಲೆಯ ಮೇಲಿನ ಹಾಲು ಉಕ್ಕುವ ಸದ್ದಿಗೆ ನಾನು ಹೂವನ್ನು ಕುಕ್ಕಿದಂತೆ ಒತ್ತಿ ಎದ್ದು ಓಡಿದೆ. ವಾಪಸು ಬಂದಾಗ ಆ ಕಾರ್ಡು ನಾದಿನಿಯ ಕೈಯಲ್ಲಿತ್ತು. ಮೂಗಿನ ಹತ್ತಿರ ಹಿಡಿದಳು, ಬೆಳಕಿಗೆ ತಿರುಗಿಸಿದಳು, ಬಹಳ ಹೊತ್ತು ನೋಡಿದಳು.

"ಪಾಸ್ ಅತ್ಗೆ. ಚೆನ್ನಾಗದೆ."

ರಾಯಚೂರಿನವಳು ಕೂತಲ್ಲಿಂದಲೇ ಚಪ್ಪಾಳೆ ತಟ್ಟಿದಳು. ನನಗೂ ಈ ವಯಸ್ಸಿನಲ್ಲಿ ಹಲ್ಲು ಕಿರಿಯುವಷ್ಟು ಖುಷಿ! ಕಾರ್ಡು ಇಸಿದುಕೊಂಡು ನೋಡಿದೆ. ಅರ್ಧ ಹೂವು ರಟ್ಟಿನಿಂದ ಆಚೆ, ಚಾಪೆಯ ಮೇಲೆ ಬಿದ್ದಿತ್ತು. ಉಳಿದರ್ಧ ನನ್ನ ಹೆಬ್ಬೆರಳಿಗೆ ಸಿಕ್ಕಿ ಕಲಸಿಹೋಗಿತ್ತು.

ಬಗ್ಗಿ ನೋಡಿದ ರಾಯಚೂರಿನವಳ ಚಪ್ಪಾಳೆ ನಿಂತಿತು. ಸುಮ್ಮನಿರಿ ಎಂದು ಕಣ್ಣಿನಲ್ಲೇ ಹೇಳಿದಳು. ನಾನು ಸುಮ್ಮನಿರುವವಳಲ್ಲ. ಸುಳ್ಳು ಪಾಸ್ ಇಟ್ಟುಕೊಂಡು ಏನು ಮಾಡಲಿ?

"ಪಾಸ್ ಅಲ್ಲ ಕಣೆ. ರಿಜೆಕ್ಟು," ಎಂದೆ.

ಅವಳು ನೆಲ ನೋಡುತ್ತ ಹೇಳಿದಳು, "ಬಲಗಣ್ಣು ಹೋಗಿ ದಿನ ಆಯ್ತು ಅತ್ಗೆ. ಇದೂ ಮಬ್ಬು. ಬಣ್ಣ ಕಾಣ್ತದೆ, ಅಂಚು ಕಾಣಲ್ಲ." ಮಡಿಲಿನಲ್ಲಿದ್ದ ಕಾರ್ಡುಗಳನ್ನೆಲ್ಲ ನನ್ನ ಕಡೆ ತಳ್ಳಿದಳು. "ಎಲ್ಲಾ ಒಲೆಗಾಕು."

"ಗ್ಯಾಸ್ ಒಲೆಗೆ ರಟ್ಟು ಹಾಕ್ತಾರೇನೇ?" ಎಂದೆ. ಅವಳು ನಗಲಿಲ್ಲ.

ಪಕ್ಕದಲ್ಲಿ ಕೂತು, ಕಾರ್ಡನ್ನು ಚಾಪೆಯ ಮೇಲೆ ಒತ್ತಿದ್ದ ಜಾಗದಲ್ಲೇ ಮತ್ತೆ ಇಟ್ಟೆ. ಅವಳ ತೋರುಬೆರಳು ಹಿಡಿದು ಕಾರ್ಡಿನ ಮೇಲಿಟ್ಟೆ. ಬಣ್ಣ ಇನ್ನೂ ಆರಿರಲಿಲ್ಲ. ಬೆರಳನ್ನು ನಿಧಾನವಾಗಿ ಎಸಳಿನ ಜೊತೆ ನಡೆಸಿ, ರಟ್ಟಿನ ಅಂಚು ದಾಟಿಸಿ, ಚಾಪೆಯ ಮೇಲಿದ್ದ ಮಿಕ್ಕ ಹೂವಿನವರೆಗೂ ಕರೆದುಕೊಂಡು ಹೋದೆ.

"ಇಲ್ಲಿ ತಪ್ಪಿದೀನಿ. ಸಿಕ್ತಾ?"

ಬೆರಳು ಆ ಅಂಚಿನ ಮೇಲೆ ಹಿಂದೆ ಮುಂದೆ ಆಡಿತು.

"ಇಷ್ಟು ಸೊಟ್ಟಗಾ ಒತ್ತೋದು?" ಎಂದಳು. "ತೆಗಿ ಅತ್ಲಾಗೆ. ಇನ್ನೊಂದು ರಟ್ಟು ಕೊಡು."

ಎಡಗೈಯಲ್ಲೇ ಕೊಟ್ಟೆ. ಅವಳ ಬೆರಳು ನನ್ನ ಬಲಗೈಯಲ್ಲಿತ್ತು. ಬಿಡಲಿಲ್ಲ.