ಹಿಂದಕ್ಕೆ ಹರಿಯುವ ನೀರು, ಹೆಬ್ಬಾಳದ ಸಂಬಂಧ

ಲೆಕ್ಕದ ಕೋಣೆಯಲ್ಲಿ ದುಡಿದವರಿಗೆ ನಗೆಪಾಟಲಾಗುವುದು ಅಭ್ಯಾಸವಾಗಿಬಿಡುತ್ತದೆ. ಉಳಿದವರು ತಪ್ಪು ಮಾಡಿದಾಗ ಜನ ನಗುತ್ತಾರೆ, ನಾವು ಸರಿಯಾಗಿ ಮಾಡಿದಾಗಲೂ ನಗುತ್ತಿದ್ದರು. ನನ್ನ ಮದುವೆಯೇ ಒಮ್ಮೆ ಒಂದು ಸರಿಯಾದ ಲೆಕ್ಕದಿಂದ ತಪ್ಪಿಹೋಗುವುದರಲ್ಲಿತ್ತು.

1. ರಬ್ಬರು

ಐವತ್ತರ ದಶಕದ ಕೊನೆಯ ಮಾತು. ಯಶವಂತಪುರದ ಆಚೆ ಒಂದು ಸಂಶೋಧನಾಲಯದಲ್ಲಿ ನಾವು ಆರು ಜನ ಇದ್ದೆವು. ಹರಿಯುವ ನೀರಿನಲ್ಲಿ ಒಂದು ದುಂಡನೆಯ ಕಂಬ ನಿಲ್ಲಿಸಿದರೆ ಅದರ ಸುತ್ತ ನೀರು ಹೇಗೆ ಹೋಗುತ್ತದೆ ಎಂದು ಲೆಕ್ಕ ಹಾಕುವುದು ನಮ್ಮ ಕೆಲಸ. ನೀರೂ ಇಲ್ಲ, ಕಂಬವೂ ಇಲ್ಲ. ಮಂಚದಗಲದ ಚೌಕುಳಿ ಹಾಳೆ, ಪೆನ್ಸಿಲು, ಹಿಡಿ ತಿರುಗಿಸಿದರೆ ಕರಕರ ಎನ್ನುವ ಲೆಕ್ಕದ ಯಂತ್ರ, ಇಷ್ಟೇ. ಗೆರೆಗಳು ಕೂಡುವ ಕಡೆಯೆಲ್ಲ ಒಂದೊಂದು ಅಂಕಿಯನ್ನು ಮೊದಲು ಅಂದಾಜಿನ ಮೇಲೆ ಬರೆಯಬೇಕು. ಆಮೇಲೆ ಸುತ್ತಲಿನ ನಾಲ್ಕು ಅಂಕಿಗಳನ್ನು ನೋಡಿ ಅದನ್ನು ಅಳಿಸಿ ತಿದ್ದಬೇಕು. ಅದನ್ನು ತಿದ್ದಿದರೆ ಪಕ್ಕದ್ದು ಕೆಡುತ್ತದೆ, ಅದನ್ನೂ ತಿದ್ದಬೇಕು. ಹಾಳೆಯ ಮೇಲಿನ ಅಂಕಿಗಳೆಲ್ಲ ಬದಲಾಗುವುದು ನಿಲ್ಲುವವರೆಗೆ ಹೀಗೇ, ತಿಂಗಳುಗಟ್ಟಲೆ.

ಹಾಗಾಗಿ ನಮಗೆ ಪೆನ್ಸಿಲಿಗಿಂತ ರಬ್ಬರು ಹೆಚ್ಚು ಬೇಕಾಗುತ್ತಿತ್ತು. ಒಂದು ದಿನ ಸ್ಟೋರಿನವರು ನನ್ನ ಚೀಟಿ ನೋಡಿ ಕನ್ನಡಕ ಕೆಳಗಿಳಿಸಿದರು.

"ಹೋದ ವಾರ ತಾನೇ ಒಂದು ಡಬ್ಬಿ ರಬ್ಬರು ಕೊಟ್ಟೆನಲ್ರೀ. ನೀವು ಒಂದಾದ್ರೂ ಸರಿಯಾಗಿ ಬರೀತೀರಾ?"

"ಒಂದೇ ಸಲಕ್ಕೆ ಸರಿಯಾಗಿ ಬರೆದ್ರೆ ನಮ್ಮ ಆರೂ ಜನರ ಕೆಲಸ ಹೋಗುತ್ತೆ ಸಾರ್" ಅಂದೆ. ಅವರು ಇನ್ನೊಂದು ಡಬ್ಬಿ ತೆಗೆದುಕೊಟ್ಟರು.

2. ಹೆಣ್ಣು ನೋಡಿದ್ದು

ಆ ಕಾಲದಲ್ಲೇ ಯಲಹಂಕದ ನಮ್ಮ ಮನೆಯಿಂದ ಹೆಬ್ಬಾಳಕ್ಕೆ ಹೆಣ್ಣು ನೋಡಲು ಹೋದೆವು. ಕೆರೆ ಕೆಳಗೆ ತರಕಾರಿ ಬೆಳೆಯುವ ಮನೆತನ. ಹುಡುಗಿ ಉಪ್ಪಿಟ್ಟಿನ ತಟ್ಟೆ ಕೊಡುವಾಗ ತಲೆ ಬಗ್ಗಿಸಲಿಲ್ಲ, ನೇರವಾಗಿ ನನ್ನನ್ನೇ ನೋಡಿದಳು. ಅಲ್ಲಿಗೆ ನನ್ನ ಕಥೆ ಮುಗಿಯಿತು. ಮದುವೆ ಎಂದಾದರೆ ಈಕೆಯನ್ನೇ ಎಂದು ಉಪ್ಪಿಟ್ಟು ಗಂಟಲಲ್ಲಿ ಇಳಿಯುವ ಮೊದಲೇ ತೀರ್ಮಾನಿಸಿದೆ.

ಹುಡುಗಿಯ ಅಪ್ಪ, ಆ ಮನೆಯ ಯಜಮಾನರು, ಕೇಳಿದರು, "ಏನ್ ಕೆಲ್ಸ ಮಾಡ್ತೀಯಪ್ಪ?"

ಗುಮಾಸ್ತ ಅಂದಿದ್ದರೆ ಸಾಕಿತ್ತು. ಹುಡುಗಿ ಬಾಗಿಲ ಬಳಿಯೇ ನಿಂತಿದ್ದಳಲ್ಲ, ನಾನು ಉಬ್ಬಿಹೋದೆ. "ನೀರಿಗೆ ಒಂಚೂರು ಜಿಗುಟು ಇರುತ್ತೆ. ಅದಕ್ಕೆ ಕಂಬದ ಮೈಗೆ ತಾಗಿದ ನೀರು ಅಲ್ಲೇ ನಿಂತುಬಿಡುತ್ತೆ. ಕಂಬದ ಬೆನ್ನಿಗೆ ಇರೋ ನೀರು ಮುಂದಕ್ಕೆ ಹೋಗೋದು ಬಿಟ್ಟು ಹಿಂದಕ್ಕೆ ಬರುತ್ತೆ. ಎಷ್ಟು ದೂರದಿಂದ ಬರುತ್ತೆ ಅಂತ ಲೆಕ್ಕ ಹಾಕ್ತೀವಿ" ಅಂದೆ.

ಯಜಮಾನರು ಜೊತೆಗೆ ಬಂದಿದ್ದ ನಮ್ಮ ಸೋದರಮಾವನ ಕಡೆ ತಿರುಗಿ, ಮೆಲ್ಲಗೆ, ಕಾಯಿಲೆಯ ಮನೆಯಲ್ಲಿ ವಿಚಾರಿಸುವವರ ಹಾಗೆ ಕೇಳಿದರು: "ಉಡುಗ ಎಷ್ಟು ದಿನದಿಂದ ಇಂಗವ್ನೆ?"

3. ಬದು

ಆದರೂ ಅವರು ನ್ಯಾಯವಂತರು. ಕೆಲಸ ಕಣ್ಣಾರೆ ನೋಡಿಯೇ ಹೇಳುತ್ತೇನೆ ಎಂದು ಸೋಮವಾರ ರುಮಾಲು ಸುತ್ತಿಕೊಂಡು ನಮ್ಮ ಕೋಣೆಗೇ ಬಂದುಬಿಟ್ಟರು. ಬಂದದ್ದು ಒಳ್ಳೆಯ ದಿನವಲ್ಲ. ಎರಡು ವಾರದಿಂದ ಹಾಳೆಯ ನಡುಭಾಗದ ಅಂಕಿಗಳು ಏರುವುದು, ಇಳಿಯುವುದು, ಮತ್ತೆ ಏರುವುದು. ನಿಲ್ಲುತ್ತಲೇ ಇರಲಿಲ್ಲ. ನಮ್ಮಿಂದ ಲೆಕ್ಕ ಮಾಡಿಸುತ್ತಿದ್ದ ಪ್ರೊಫೆಸರರಿಗೆ ಹಿಡಿಸಲಾರದಷ್ಟು ಖುಷಿ. ಕಂಬದ ಹಿಂದೆ ನೀರು ತನ್ನಷ್ಟಕ್ಕೆ ತಾನೇ ತೂಗಾಡುತ್ತಿದೆ, ಯಾರೂ ಲೆಕ್ಕದಲ್ಲಿ ಹಿಡಿಯದ್ದನ್ನು ನಾವು ಹಿಡಿದೆವು ಎಂದು ವಿಲಾಯಿತಿಗೆ ಕಳಿಸಲು ಲೇಖನ ಶುರುಮಾಡಿದ್ದರು.

ಯಜಮಾನರು ಒಂದು ಗಂಟೆ ಕೈ ಕಟ್ಟಿಕೊಂಡು ಹಾಳೆಯ ಪಕ್ಕ ನಿಂತರು. ಆಮೇಲೆ ನನ್ನನ್ನು ಕರೆದರು.

"ಆ ಕಿಟಕಿ ಕಡೆಯೋರು, ಈ ಕಡೆ ಕುಂತೋರು, ಇಬ್ರಿಗೂ ಮಾತಿಲ್ವಾ?"

ಇರಲಿಲ್ಲ. ಕಿಟಕಿ ಪಕ್ಕದ ಕುರ್ಚಿಯ ವಿಷಯಕ್ಕೆ ಇಬ್ಬರೂ ಮಾತು ಬಿಟ್ಟು ಎರಡು ವಾರವಾಗಿತ್ತು. ಮಧ್ಯದ ಸಾಲು ಇಬ್ಬರ ಪಾಲಿಗೂ ಸೇರಿತ್ತು.

"ಅವ್ರು ಬರೆದದ್ದನ್ನ ಇವ್ರು ಅಳಿಸ್ತಾವ್ರೆ, ಇವ್ರು ಎದ್ದೋದ್ಮೇಲೆ ಅವ್ರು ಅಳಿಸ್ತಾವ್ರೆ. ನಮ್ಮೂರಾಗೆ ಅಣ್ಣತಮ್ಮ ಒಲದ ಬದು ತಳ್ಳೋದೂ ಇಂಗೇಯ. ಇವ್ನು ಅತ್ತ ತಳ್ತಾನೆ, ಅವ್ನು ಇತ್ತ ತಳ್ತಾನೆ."

ಪ್ರೊಫೆಸರು ಇಬ್ಬರನ್ನೂ ಎದುರುಬದುರು ಕೂರಿಸಿ ಕಾಫಿ ಕುಡಿಸಿದರು. ಸಂಜೆಯೊಳಗೆ ಅಂಕಿಗಳು ನೆಟ್ಟಗೆ ನಿಂತವು. ಅವರು ಲೇಖನವನ್ನು ಹರಿದು ಬುಟ್ಟಿಗೆ ಹಾಕಿ ಯಜಮಾನರಿಗೆ ಕೈ ಮುಗಿದರು. "ಸ್ವಾಮಿ, ನೀವು ಒಂದು ತಿಂಗಳು ತಡವಾಗಿ ಬಂದಿದ್ದರೆ ಲಂಡನ್ನಿನಲ್ಲಿ ನನ್ನ ಹೆಸರು ಅಚ್ಚಾಗಿರುತ್ತಿತ್ತು."

4. ಒನಕೆ

ಗೇಟಿನ ಹತ್ತಿರ ಯಜಮಾನರು ನನಗೆ ಖಡಾಖಂಡಿತವಾಗಿ ಹೇಳಿದರು. "ನೀರು ಇಂದಕ್ಕೆ ಬರೋದನ್ನ ನನ್ ಕಣ್ಮುಂದೆ ತೋರ್ಸು, ಎಣ್ಣು ಕೊಡ್ತೀನಿ. ಇಲ್ದಿದ್ರೆ ಎಸರಘಟ್ಟದ ಸಂಬಂಧ ಕಾಯ್ತಾ ಅದೆ."

ಭಾನುವಾರ ಅವರ ತೋಟದ ಕಾಲುವೆಯಲ್ಲಿ ಒನಕೆ ನೆಟ್ಟೆವು. ಹುಡುಗಿ ಮೇಲ್ಗಡೆ ಗುದ್ದಲಿ ಹಿಡಿದು ಮಣ್ಣು ಸರಿಸಿ ನೀರು ಬಿಟ್ಟಳು. ಒನಕೆಯ ಹಿಂದೆ ನಾನು ಹುಲ್ಲಿನ ಎಸಳು ಹಾಕಿದೆ. ನೀರು ಭೋರೆಂದು ಬಂದು ಎಸಳನ್ನು ಎತ್ತಿಕೊಂಡು ಬದನೆ ಪಾತಿಗೆ ಹೋಯಿತು. "ಮುಂದಿನ ವಾರ ಬಾ" ಅಂದರು ಯಜಮಾನರು.

ಮುಂದಿನ ವಾರ ನೀರಿನ ರಭಸಕ್ಕೆ ಒನಕೆಯೇ ಬಿದ್ದುಹೋಯಿತು. ನನಗೆ ಅಳು ಬರುವುದೊಂದು ಬಾಕಿ. ಹುಡುಗಿ ಮಾತ್ರ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. ಏಳು ತಿಂಗಳ ಲೆಕ್ಕವನ್ನು ಸುಟ್ಟುಹಾಕಿಬಿಡೋಣ ಅನ್ನಿಸಿತು. "ಇನ್ನೊಂದೇ ವಾರ. ಆಮೇಲೆ ಎಸರಘಟ್ಟದೋರಿಗೆ ಮಾತು ಕೊಡ್ತೀನಿ" ಎಂದರು ಯಜಮಾನರು.

ಮೂರನೆಯ ಭಾನುವಾರ ನೀರು ಅದೇಕೋ ಮೆಲ್ಲಗೆ ಬಂತು. ಎಸಳು ಹಾಕಿದೆ. ಅದು ಅಲ್ಲೇ ಒಂದು ಕ್ಷಣ ತಡೆದು, ಮೆಲ್ಲಮೆಲ್ಲಗೆ, ನೀರು ಹೋಗುವ ದಿಕ್ಕಿಗೆ ಎದುರಾಗಿ ಬಂದು ಒನಕೆಗೆ ಅಂಟಿಕೊಂಡಿತು. ಯಜಮಾನರು ನನ್ನನ್ನು ಪಕ್ಕಕ್ಕೆ ತಳ್ಳಿ ತಾವೇ ಒಂದು ಎಸಳು ಹಾಕಿದರು. ಅದೂ ಬಂತು. ಇನ್ನೊಂದು ಹಾಕಿದರು. ಅದೂ ಬಂತು. ಅವರು ಪಂಚೆ ಎತ್ತಿಕಟ್ಟಿ ಕಾಲುವೆಯ ಅಂಚಿನಲ್ಲೇ ಕುಕ್ಕರುಗಾಲಲ್ಲಿ ಕುಳಿತುಬಿಟ್ಟರು.

"ನಿಜ ಕಣವ್ವ, ಇಂದಕ್ಕೇ ಬತ್ತದೆ!" ಎಂದು ಮಗಳನ್ನು ಕೂಗಿದರು.

"ನಂಗೊತ್ತಿಲ್ವಾ? ದಿನಾ ಬಟ್ಟೆ ಒಗೆಯುವಾಗ ಸೋಪಿನ ನೊರೆ ಕಲ್ಲಿನ ಹಿಂದಕ್ಕೇ ಬಂದು ನಿಲ್ತದೆ" ಅಂದಳು ಆಕೆ.

"ಗೊತ್ತಿತ್ತಾ? ಮತ್ತೆ ಎರಡು ವಾರ ನೀರು ಅಷ್ಟು ಜೋರಾಗಿ ಯಾಕ್ ಬಿಟ್ಟೆ?"

ಆಕೆ ಗುದ್ದಲಿ ಊರಿ ನಿಂತು, ಮೊದಲ ದಿನದ ಹಾಗೆಯೇ ನೇರವಾಗಿ ನನ್ನನ್ನು ನೋಡುತ್ತ ಅಪ್ಪನಿಗೆ ಹೇಳಿದಳು.

"ಮೊದಲ ವಾರವೇ ಮೆಲ್ಲಗೆ ಬಿಟ್ಟಿದ್ರೆ ನೀನು ಅವತ್ತೇ ಒಪ್ಪಿಬಿಡ್ತಿದ್ದೆ. ಆಮೇಲೆ ಧಾರೆ ದಿನದವರೆಗೂ ಇವ್ರನ್ನ ನಮ್ಮನೆ ಕಡೆ ಬರೋಕೆ ಬಿಡ್ತಿದ್ಯೇನಪ್ಪ?"