ಅಜ್ಜಿಯ ಲಾವಣಿದಾರರು

ಗಾಲ್ಫ್ ರೆಸಾರ್ಟಿನ್ಯಾಗ ಹುಲ್ಲಿನ ಮೇಸ್ತ್ರಿ ಅದೇನಿ ಅಂದ್ರ ಮಂದಿ ನಗತಾರ. ನಗ್ರಿ, ಬ್ಯಾಡ ಅನ್ನೂದಿಲ್ಲ. ಹಾವೇರಿ ಸೀಮ್ಯಾಗ ಎಲ್ಲಾರೂ ಹುಲ್ಲು ಕಿತ್ತು ಬೆಳಿ ಬೆಳಿತಾರ, ನಾವು ಬೆಳಿ ಕಿತ್ತು ಹುಲ್ಲು ಬೆಳದೇವಿ. ಇಂಥಲ್ಲೆ ನಗೂವಂಥಾದ್ದು ಆಗದ ಇನ್ನೆಲ್ಲಿ ಆಗಬೇಕು? ಮಾಲಕರು ಬದಲಾದಂಗ ಬಾಗಲದ ಬೋರ್ಡು ಬದಲಾತು, ನಮ್ಮ ಅಂಗಿ ಬಣ್ಣ ಬದಲಾತು. ಬದಲಾಗಲಾರದಾಕಿ ಅಜ್ಜಿ ಒಬ್ಬಾಕಿನ.

ತಿನ್ನಾವ್ರು ಯಾರು?

ನಮ್ಮ ಮೈದಾನದ ನಟ್ಟನಡುವಿನ ಜಾಗಾ ಮೊದಲ ಈ ಅಜ್ಜಿ ಮನಿ ಹೊಲ. ಮಕ್ಕಳು ಅದನ್ನ ಮಾರಿ ರಾಣೇಬೆನ್ನೂರಾಗ ಟ್ರ್ಯಾಕ್ಟರ್ ಸಾಮಾನಿನ ಅಂಗಡಿ ಹಾಕಿದ್ರು. ಅಂಗಡಿ ಛಲೋನ ನಡದೈತಿ. ಆದ್ರ ಅವ್ವನ ಮುಂದ "ಮಾರೇವಿ" ಅನ್ನಾಕ ಒಬ್ಬಂಗೂ ಬಾಯಿ ಬರಲಿಲ್ಲ. "ಲಾವಣಿಗೆ ಕೊಟ್ಟೇವಬೇ, ವರ್ಷಾ ಬಾಡಿಗಿ ಬರತೈತಿ" ಅಂದು ಕೈ ತೊಳಕೊಂಡ್ರು.

ಹಿರೇಮಗ ನನ್ನ ಕೈ ಹಿಡಕೊಂಡು ಹೇಳಿದ: "ಅಣ್ಣಾ, ಅಪ್ಪನ ಜೋಡಿ ಆಕಿ ಬಾಳೇ ಮಾಡಿದ್ದು ಆ ಹೊಲದಾಗ. ಮಾರೇವಿ ಅಂತ ಗೊತ್ತಾದ್ರ ಎದಿ ಒಡಕೋತಾಳ. ನೀವ್ಯಾರೂ ಬಾಯಿ ಬಿಡಬ್ಯಾಡ್ರಿ."

ನಾವು ಹೂಂ ಅಂದ್ವಿ. ಆದ್ರ ವರ್ಷಕ್ಕೊಮ್ಮೆ ಸೀಗಿ ಹುಣ್ಣಿವಿ ಬರೂದು ಬಿಡತದೇನು? ಅವತ್ತ ಭೂಮಿತಾಯಿ ಬಸರಿ ಅಂತ ಹೊಲಕ್ಕ ಬುತ್ತಿ ಒಯ್ದು, ಅದರಾಗಿಂದ ಒಂದಿಷ್ಟು ಚರಗಾ ಅಂತ ಹೊಲದ ತುಂಬ ಚೆಲ್ಲಬೇಕು. ಮೊದಲನೇ ವರ್ಷಾನ ಅಜ್ಜಿ ಬುಟ್ಟಿ ಹೊತ್ತಗೊಂಡು ಬಂದ್ಲು. ಹಣಿಗೆ ಕೈ ಹಚ್ಚಿ ಸುತ್ತ ನೋಡಿದ್ಲು.

"ಏನು ಬಿತ್ಯಾನೋ ಲಾವಣಿಯಂವಾ?"

"ಹುಲ್ಲು, ಅಜ್ಜಿ."

"ದನಾ ಎಷ್ಟು ಕಟ್ಯಾನ?"

"ಒಂದೂ ಇಲ್ಲಬೇ."

"ಮತ್ತ ಇಷ್ಟ ಹುಲ್ಲು ತಿನ್ನಾವ್ರು ಯಾರು?"

ಅಷ್ಟೊತ್ತಿಗೆ ದೂರದಾಗ ಬಿಳಿ ಟೊಪಗಿ ಹಾಕಿದ ನಾಕು ಮಂದಿ ಸಾಹೇಬ್ರು ಮಣಕಾಲೂರಿ, ಚೆಂಡು ಹೆಂಗ ಉರಳತೈತಿ ಅಂತ ಹುಲ್ಲಿಗೆ ಮಾರಿ ಹಚ್ಚಿ ನೋಡಾಕತ್ತಿದ್ರು. ಅಜ್ಜಿ ಅವರನ್ನ ಬಾಳ ಹೊತ್ತು ನೋಡಿದ್ಲು. "ಅಯ್ಯ ಪಾಪ" ಅಂದು, ಅವರಿಗೂ ಒಂದೊಂದು ರೊಟ್ಟಿ ಕಟ್ಟಿ ಕೊಟ್ಟು ಹೋದ್ಲು.

ಖಾರದ ಆಟ

ಮೊದಲನೇ ಮಾಲಕ ಬ್ಯಾಡಗಿ ಮೆಣಸಿನಕಾಯಿ ಸಾವಕಾರ. ಎಲ್ಲೋ ಪ್ರವಾಸಕ್ಕ ಹೋದಾಗ ಗಾಲ್ಫ್ ನೋಡಿ ಬಂದು, ನಮ್ಮ ಕಡೆನೂ ಒಂದು ಇರ್ಲಿ ಅಂತ ಹಟಾ ಹಿಡದ. ರಸಿಕ ಮನಷ್ಯಾ. ಆದ್ರ ಕಾಯಿ ಸುಗ್ಗಿ ಬಂತಂದ್ರ ರಕ್ತಾ ಸುಮ್ನ ಇರತದೇನ್ರಿ? ಚೆಂಡು ಉರಳಸಾಕ ಅಂತ ನಾನು ಮಗನ ಕೆನ್ನಿಯಂಗ ನುಣ್ಣಗ ಮಾಡಿದ್ದ ಜಾಗಾ ನೋಡಿ ಅಂದ: "ಇಷ್ಟ ಸಪಾಟ ನೆಲಾ, ಇಷ್ಟ ಛಲೋ ಬಿಸಲು! ಖಾಲಿ ಬಿಡಾಕ ನಿನಗ ಮನಸರೇ ಹೆಂಗ ಬರತೈತೋ?"

ಮರದಿನಾ ಹೋಗಿ ನೋಡಿದ್ರ ಹಸರು ಮೈದಾನದ ನಡಬರಕ ಕೆಂಪ ಕಾಯಿ ಹರವ್ಯಾರ. ಹುಬ್ಬಳ್ಳಿಯಿಂದ ಆಡಾಕ ಬಂದಿದ್ದ ಒಬ್ಬ ಡಾಕ್ಟರ ಹೊಡದ ಚೆಂಡು ನೆಟ್ಟಗ ಬಂದು ಅದರಾಗ ಬಿತ್ತು. ಅವರು ಹಟವಾದಿ, ಅಲ್ಲೇ ನಿಂತು ಹೊಡಿತೇನಿ ಅಂತ ಕೋಲು ಬೀಸಿದ್ರು. ಚೆಂಡು ಅಲ್ಲೇ ಉಳೀತು, ಕಾಯಿ ಧೂಳಿ ಮ್ಯಾಲೆದ್ದಿತು. ಆಮ್ಯಾಲೆ ಡಾಕ್ಟರು, ಜೋಡಿ ಇದ್ದಾವ್ರು, ನಾನು, ಎಲ್ಲಾರೂ ಅಕ್ಷೀ ಅಕ್ಷೀ.

ಸಾವಕಾರ ಓಡಿ ಬಂದ. ಡಾಕ್ಟರಿಗೆ ನೀರು ಕೊಡತಾನ ಅಂತ ಮಾಡಿದ್ವಿ. ಅಂವಾ ಒಂದು ಕಾಯಿ ಎತ್ತಿ ಮುರದು ಮೂಸಿ, ಕಣ್ಣೀರು ಒರಸಿಕೋತ ಅಂದ: "ಒಣಗ್ಯಾವು ನೋಡ್ರಿ. ನಾಳಿಗೆ ಪ್ಯಾಟಿಗೆ ಹಾಕಬಹುದು."

ಐದು ಪಾಂಡವರು

ಸಾವಕಾರಗ ಬ್ಯಾಸರಾತು. ಬೆಂಗಳೂರಿನ ಕಂಪನಿ ಒಂದು ತೊಗೊಂತು. ಹೊರಗಿನವರಿಗೆ ಪ್ರವೇಶವಿಲ್ಲ ಅಂತ ಬೋರ್ಡು ಬಿತ್ತು. ಅಜ್ಜಿಗೆ ಓದಾಕ ಬರೂದಿಲ್ಲ, ಪುಣ್ಯಾ. ಸೀಗಿ ಹುಣ್ಣಿವಿಗೆ ಹಿಂದಿನ ಗೇಟಿನಿಂದ ನಾವ ಕರಕೊಂಡು ಬಂದ್ವಿ.

ಹೊಲದಾಗ ಐದು ಕಲ್ಲಿಗೆ ಸುಣ್ಣಾ ಹಚ್ಚಿ, ಪಾಂಡವರು ಅಂತ ಪೂಜಾ ಮಾಡೂದು ಪದ್ಧತಿ. ಅಜ್ಜಿ ಹುಡಿಕ್ಯಾಡಿದ್ಲು, ಒಂದರೇ ಕಲ್ಲು ಸಿಗವಲ್ದು. ಎಲ್ಲಾ ನಾವ ಆರಿಸಿ ಒಗದಿದ್ವಿ. ನಾನು ಕುಂಕುಮದ ಬಟ್ಟಲಾ ತರಾಕ ಹೋಗಿ ಬರೂದ್ರಾಗ ಆಕಿ ಕೆಲಸಾ ಮುಗಿಸಿಬಿಟ್ಟಿದ್ಲು. ಹುಲ್ಲಿನ್ಯಾಗ ಬಿದ್ದಿದ್ದ ಐದು ಗಾಲ್ಫ್ ಚೆಂಡು ಸಾಲಾಗಿ ಕುಂತಾವು, ಅರಿಶಿನ ಹಚ್ಚಿ, ಹೂವಾ ಏರಿಸಿ!

"ಸುಣ್ಣಾ ಹಚ್ಚಿದ ಕಲ್ಲ ಇಟ್ಟಾನೋ ತಮ್ಮಾ. ಲಾವಣಿಯಂವಾ ಭಕ್ತಿವಂತ ಅದಾನ" ಅಂದ್ಲು.

ಚೆಂಡು ಹುಡಿಕ್ಕೋತ ಕಂಪನಿ ದೊಡ್ಡ ಸಾಹೇಬ್ರ ಬಂದ್ರು. ಅವರು ಪೂಜಾ ನೋಡಿ ಟೊಪಗಿ ತಗದ್ರು, ಕೈ ಮುಗದ್ರು, ಅಜ್ಜಿ ಕೊಟ್ಟ ಕಡಬು ತಿಂದ್ರು. ಹೋಗಬೇಕಾದ್ರ ನನ್ನ ಕಿವ್ಯಾಗ ಮೆಲ್ಲಕ ಕೇಳಿದ್ರು: "ಆ ಅರ್ಜುನ ನಂದು ಕಣ್ರಿ. ಪೂಜೆ ಮುಗಿದ್ಮೇಲೆ ವಾಪಸ್ ಸಿಗುತ್ತಾ?"

ಹೊಸಾ ಲಾವಣಿದಾರ

ಕಂಪನಿನೂ ಹೋತು. ಈಗಿನ ಮಾಲಕ ಹುಬ್ಬಳ್ಳಿಯಂವಾ, ದಪ್ಪ ಮೀಸಿ, ದಪ್ಪ ದನಿ, ಬಿಗಿ ಮನಷ್ಯಾ. ಬರೂ ಮೊದಲ ಫೋನಿನ್ಯಾಗ ಹುಕುಂ: "ನನ್ನ ಜಾಗಾದಾಗ ಹೊರಗಿನ ಹುಳಾ ಸೈತ ಕಾಣಬಾರದು." ಬಂದದ್ದರೇ ಯಾವತ್ತ? ಸೀಗಿ ಹುಣ್ಣಿವಿ ದಿನಾನ! ಅವರಿಗೆ ಅಜ್ಜಿ ವಿಷಯ ಹೇಳಾಕ ನನಗ ಹೊತ್ತ ಸಿಗಲಿಲ್ಲ.

ಅಜ್ಜಿ ಪೂಜಾ ಮುಗಿಸಿ ಬುತ್ತಿ ಬಿಚ್ಚಿದ್ಲು. ಮಕ್ಕಳೂ ಕುಂತಿದ್ರು. ಸಾಹೇಬ್ರ ಗಾಡಿ ಬಂದು ಗಕ್ಕನ ನಿಂತಿತು.

"ಯಾರಿವ್ರು? ಈ ಜಾಗಾ ನಾ…"

ಹಿರೇಮಗ ಅವ್ವನ ಬೆನ್ನ ಹಿಂದ ನಿಂತು ಎರಡೂ ಕೈ ಜೋಡಿಸಿದ. ನಾನೂ ಬ್ಯಾಡ್ರೀ ಬ್ಯಾಡ್ರೀ ಅಂತ ತಲಿ ಅಲ್ಲಾಡಿಸಿದೆ. ಇನ್ನೊಂದು ಮಾತು ಹೊರಗ ಬಿತ್ತಂದ್ರ ಇಷ್ಟ ವರ್ಷಾ ನಾವೆಲ್ಲಾ ಕೂಡಿ ಕಾದಿದ್ದ ಗುಟ್ಟು ಮಣ್ಣಪಾಲು.

ಅಜ್ಜಿ ತಲಿ ಎತ್ತಿದ್ಲು. "ಹೊಸಾ ಲಾವಣಿದಾರ ನೀನ ಏನಪಾ? ಬಾ. ಕಾಲಾಗಿಂದು ಕಳದು ಬಾ."

ಸಾಹೇಬ್ರು ಆಕಿನ್ನ ನೋಡಿದ್ರು, ಜೋಡಿಸಿದ ಕೈ ನೋಡಿದ್ರು. ಆಮ್ಯಾಲೆ ಸಾವಕಾಶ ಬಗ್ಗಿ ಬೂಟಿನ ದಾರಾ ಬಿಚ್ಚಿದ್ರು.

"ಹೌದಬೇ. ನಾನ."

ನನ್ನ ಕಣ್ಣಾಗ ನೀರು ಬಂತು. ಅವತ್ತ ಕಾಯಿ ಘಾಟು ಏನೂ ಇರಲಿಲ್ಲ ಬಿಡ್ರಿ.

"ಹಿಂದಿನವ್ರು ಇಬ್ರೂ ಯಾಕ ನಿಲ್ಲಲಿಲ್ಲ ಗೊತ್ತೇನು?" ಅಂದ್ಲು ಅಜ್ಜಿ. "ಬಸರಿ ತಾಯಿಗೆ ಒಂದು ತುತ್ತು ಹಾಕಲಿಲ್ಲ. ನೀ ಹಾಕು." ಬುಟ್ಟಿ ಒಯ್ದು ಅವರ ಕೈಯಾಗ ಇಟ್ಲು. ದಪ್ಪ ಮೀಸಿ ಸಾಹೇಬ್ರು ಬರಿಗಾಲಿಲೇ ಇಡೀ ಮೈದಾನ ಸುತ್ತಿ ಚರಗಾ ಚೆಲ್ಲಿದ್ರು. ಅವರು "ಹುಲ್ಲುಲ್ಲಿಗ್ಯೋ" ಅಂತ ಚರಗದ ಕೂಗು ಹಾಕಿದ್ರ ನಾವೆಲ್ಲಾ ಹಿಂದಿನಿಂದ "ಚೆಲ್ಲಾಂಬರಿಗ್ಯೋ" ಅಂತ ಒದರಿದ್ವಿ. ಆಡಾಕ ಬಂದವ್ರು ಕೋಲು ಬಗಲಾಗ ಇಟ್ಕೊಂಡು ನೋಡಿದ್ದ ನೋಡಿದ್ದು.

ಉಂಡು ಎದ್ದ ಮ್ಯಾಲೆ ಅಜ್ಜಿ ಅವರ ಗಲ್ಲಾ ಸವರಿದ್ಲು. "ಮನಷ್ಯಾ ಛಲೋ ಅದೀ. ಹತ್ತು ವರ್ಷ ನಿನಗ ಕೊಟ್ಟೇನಿ, ಹೋಗು. ಆದ್ರ ಬರೇ ಹುಲ್ಲ ಬೆಳೀಬ್ಯಾಡ, ಒಂದು ಸಾಲು ಮೆಣಸಿನಗಿಡಾ ಹಚ್ಚು."

"ಆತಬೇ, ಬಾಳ ಉಪಕಾರ ಆತು" ಅಂತ ಕಾಲಿಗೆ ಬಿದ್ರು, ಇಡೀ ರೆಸಾರ್ಟು ರೊಕ್ಕಾ ಕೊಟ್ಟು ಖರೀದಿ ಮಾಡಿದ ಮನಷ್ಯಾ.

ಸಂಜಿಕ ನಾನು ಮೆಣಸಿನ ಸಾಲಿಗೆ ಜಾಗಾ ಅಳ್ಯಾಕತ್ತಿದ್ದೆ. ಸಾಹೇಬ್ರು ಬಂದು ಬಾಜೂಕ ನಿಂತ್ರು. ಕೆಮ್ಮಿದ್ರು. ಆ ಕಡೆ ಈ ಕಡೆ ನೋಡಿ ದನಿ ಇಳಿಸಿದ್ರು.

"ಮೇಸ್ತ್ರಿ, ಹತ್ತು ವರ್ಷ ಆದಿಂದ ಅಜ್ಜಿ ನನ್ನ ಕಡಿಂದ ಹೊಲಾ ಬಿಡಸ್ತಾಳೇನೋ?"