ಗಬ್ಬೂರ ಮೆಕ್ಯಾನಿಕ್‌ನ ಕಬ್ಬಿಣದ ಸೆಟ್ಟು

ಆನ್‌ಲೈನ್ ಆಟ ತಯಾರಿಸುವವರ ಮೇಲೆ ಆಡುವವರು ಸಿಟ್ಟಾಗುವುದು ಎಲ್ಲ ಕಡೆಯೂ ಇದ್ದದ್ದೇ. ಬೇರೆ ಊರಿನವರು ಇಮೇಲ್ ಬರೆದು ಬೈಯುತ್ತಾರೆ. ನಮ್ಮ ಹುಬ್ಬಳ್ಳಿಯವರು ಸೀದಾ ಆಫೀಸಿಗೇ ಬರುತ್ತಿದ್ದರು, ಅದೂ ಗಿರ್ಮಿಟ್-ಮಿರ್ಚಿ ತಿಂಡಿ ಕಟ್ಟಿಸಿಕೊಂಡು.

ದೇಶಪಾಂಡೆ ನಗರದ ಒಂದು ಮಹಡಿಯ ಮೇಲೆ ನಾವು ನಾಲ್ಕು ಜನ ಯುದ್ಧದ ಆಟವೊಂದನ್ನು ನಡೆಸುತ್ತಿದ್ದೆವು. ಶಿರಸ್ತ್ರಾಣ, ಕವಚ, ಕೈಗವಸು, ಬೂಟು, ಗುರಾಣಿ ಈ ಐದೂ ಒಂದೇ ಸೆಟ್ಟಿನವು ಕೂಡಿದರೆ ತೊಟ್ಟವನಿಗೆ ಹೆಚ್ಚಿನ ಬಲ. ಯಾವ ಸೆಟ್ಟೂ ಅತಿಯಾಗದಂತೆ ನೋಡಿಕೊಳ್ಳುವುದು ನನ್ನ ಕೆಲಸ. ಅಂದರೆ ಬೈಸಿಕೊಳ್ಳುವ ಕೆಲಸ. ಈಗಲೂ ಆ ಮಹಡಿಯ ಮೆಟ್ಟಿಲ ಮುಂದೆ ಹಾದರೆ ಮಿರ್ಚಿ ವಾಸನೆ ಬಂದಂತಾಗುತ್ತದೆ.

ಬ್ರೇಕು

ಗಬ್ಬೂರ ಬೈಪಾಸ್ ಹತ್ತಿರ ಗ್ಯಾರೇಜ್ ಇಟ್ಟಿದ್ದ ಮೆಕ್ಯಾನಿಕ್ ಒಬ್ಬ ಎಂಟು ತಿಂಗಳು ಆಡಿ ಕಬ್ಬಿಣದ ಸೆಟ್ಟು ಕೂಡಿಸಿದ. ಅವನೆದುರು ಯಾರೂ ನಿಲ್ಲದಂತಾಯಿತು. ನಾನು ಆ ಸೆಟ್ಟಿನ ಬಲ ಅರ್ಧ ಮಾಡಿದೆ. ಮರುದಿನವೇ ಬಂದ.

"ಸಾಹೇಬ್ರ, ಎಂಟ್ ತಿಂಗಳ ಕೂಡಿಸಿದ್ದು ಒಂದ ದಿನದಾಗ ಅರ್ಧಾ ಮಾಡೀರಲ್ಲರಿ!"

"ಆಟದಾಗ ಎಲ್ಲಾರೂ ಸಮ ಇರಬೇಕ್ರಿ," ಎಂದೆ.

ಅವನು ಸಮಾಧಾನದಿಂದ ಗಿರ್ಮಿಟ್ ಪೊಟ್ಟಣ ಬಿಚ್ಚಿ ನನ್ನ ಮುಂದಿಟ್ಟ. "ಖರೇ ಐತ್ರಿ. ನಿಮ್ಮ ಸ್ಕೂಟರ್ ಸರ್ವೀಸಿಗೆ ತರ್ರಿ. ಅದರ ಬ್ರೇಕೂ ಭಾಳ ಛಲೋ ಹಿಡೀತೈತಿ. ಸಮ ಮಾಡಿ ಕೊಡ್ತೇನಿ."

ಇಳಕಲ್ ಬಣ್ಣ

ಇನ್ನೊಮ್ಮೆ ಅವನು, ಆಟದ ತನ್ನ ತಂಡದವರೆಲ್ಲ ಕಾಕೂ ಅಂದರೆ ಚಿಕ್ಕಮ್ಮ ಎಂದು ಕರೆಯುತ್ತಿದ್ದ ಹೆಂಗಸೊಬ್ಬರನ್ನು ಕರೆತಂದ. ಬೈರಿದೇವರಕೊಪ್ಪದ ನಿವೃತ್ತ ಟೀಚರ್. ಆಟದಲ್ಲಿ ಗಾಯಗೊಂಡವರಿಗೆ ಔಷಧ ಹಾಕುವುದು ಅವರ ಪಾಲಿನ ಕೆಲಸ. ಆದರೆ ಪ್ರತಿ ಯುದ್ಧದಲ್ಲೂ ಮೊದಲು ಸಾಯುತ್ತಿದ್ದವರು ಅವರೇ. ನೋಡಿದರೆ ಆಟದಲ್ಲೇ ಅತಿ ದುರ್ಬಲ ಸೆಟ್ಟು ತೊಟ್ಟಿದ್ದಾರೆ.

"ಗಟ್ಟಿ ಸೆಟ್ಟು ಹಾಕ್ಕೊಳ್ರಿ ಕಾಕೂ," ಎಂದೆ.

"ಬ್ಯಾಡಪಾ. ಇದು ಇಳಕಲ್ ಸೀರಿ ಬಣ್ಣ ಐತಿ."

"ಲಗೂ ಸಾಯ್ತೀರಲ್ಲರಿ!"

"ಸಾಯೂದು ಇದ್ದದ್ದ ಐತಿ. ಸತ್ತಾಗರೆ ಛಲೋ ಕಾಣಬ್ಯಾಡೇನೋ ತಮ್ಮಾ?"

ಮೆಕ್ಯಾನಿಕ್ ಅಷ್ಟನ್ನೇ ಹಿಡಿದ. "ನೋಡ್ರಿ ಸಾಹೇಬ್ರ, ಇವರ್ನ ಕಾಯಾಕರೆ ನನ್ನ ಬಲಾ ವಾಪಸ್ ಕೊಡ್ರಿ." ನಾನು ಕೊಡಲಿಲ್ಲ. ಆಗ ನಿಯಮದ ಮನುಷ್ಯ ನಾನು. ಮಿರ್ಚಿ ಮಾತ್ರ ಬಿಡದೆ ತಿಂದೆ.

ಕೊನೆಯ ಭಾನುವಾರ

ಆಡುವವರು ಕಡಿಮೆಯಾಗಿ ಆಟ ಮುಚ್ಚುವ ದಿನ ಬಂತು. ಆ ಭಾನುವಾರ ಮಧ್ಯಾಹ್ನ, ಉಳಿದ ಹದಿನೈದಿಪ್ಪತ್ತು ಜನ ಮೊಬೈಲ್ ಹಿಡಿದು ಆಫೀಸಿಗೇ ಬಂದರು. ಎಲ್ಲರೂ ಕೂಡಿ ದೊಡ್ಡ ರಾಕ್ಷಸನನ್ನು ಕೊಲ್ಲುವುದು, ಆಮೇಲೆ ಆಟ ಬಂದ್ ಎಂದು ಮಾತಾಗಿತ್ತು. ಇನ್ನೆಲ್ಲಿಯ ನಿಯಮ ಎಂದು ಮೆಕ್ಯಾನಿಕ್‌ನ ಸೆಟ್ಟಿಗೆ ಹಳೆಯ ಬಲ ಪೂರ್ತಿ ಕೊಟ್ಟೆ. ಪ್ರೀತಿಗೆ ಅಂತ ಅದನ್ನು ಹತ್ತು ಪಟ್ಟು ಮಾಡಿದೆ.

ಅವನು ಒಂದೇ ಏಟು ಹಾಕಿದ. ರಾಕ್ಷಸ ಮಕಾಡೆ ಬಿದ್ದ.

"ಏ, ನಾ ಇನ್ನೂ ಕೈಗವಸು ಹಾಕ್ಕೊಳ್ಳಾಕತ್ತೇನಿ!" ಎಂದು ಕಾಕೂ ಕೂಗಿದರು.

ಮೆಕ್ಯಾನಿಕ್ ನನ್ನ ಮೇಜಿನ ಹತ್ತಿರ ಬಂದು ಮೆಲ್ಲಗೆ ಹೇಳಿದ: "ಸಾಹೇಬ್ರ, ಆ ರಾಕ್ಷಸನ್ನ ಮತ್ತ ಎಬ್ಬಸ್ರಿ. ನನ್ನ ಬಲಾ ಕಡಿಮಿ ಮಾಡ್ರಿ."

ಇಷ್ಟು ವರ್ಷದಲ್ಲಿ ಯಾರ ಬಾಯಲ್ಲೂ ಕೇಳದ ಮಾತು. "ಎಷ್ಟು ಕಡಿಮಿ ಮಾಡ್ಲಿ?" ಎಂದೆ.

ಅವನು ಕೂತವರನ್ನೆಲ್ಲ ಒಮ್ಮೆ ನೋಡಿದ.

"ಸಂಜೀತನಕ ಅಂವ ಸಾಯಬಾರದು ನೋಡ್ರಿ, ಅಷ್ಟು."